ನೂರೈವತ್ತು ಪದ ಮೀರದಂತೆ

ಏಳನೇ ಕಲಮು ಕೇಳುತ್ತದೆ:
ಈ ಕಲಾ ಕಾರ್ಯಾನುಭವದಿಂದ ನೀವು ಕಲಿತದ್ದೇನು?
ನೂರೈವತ್ತು ಪದ ಮೀರದಂತೆ ಬರೆಯಿರಿ.
ಕೆಳಗೆ ಆರು ಗೆರೆ. ಐದನೆಯದು ಅಚ್ಚಿನಲ್ಲೇ ಅರ್ಧ ಅಳಿಸಿದೆ.

ಬೈತಕೋಲ ಬಂದರಿನಲ್ಲಿ ಬೋಟುಗಳು ದಡ ಸೇರಿದ ತಿಂಗಳು.
ಮೀನು ಹಿಡಿಯುವಂತಿಲ್ಲ, ಹೆಸರು ಬರೆಸಬಹುದು.
ರಮಾಕಾಂತ ದುರ್ಗೇಕರರ ಅಂಗಡಿ ಅಂದರೆ
ಒಂದು ನೀಲಿ ತಾಡಪಾಲು, ಒಂದು ಸ್ಟೂಲು,
ಸೀಮೆಎಣ್ಣೆ ಡಬ್ಬಿ, ಹನ್ನೊಂದು ಬ್ರಶ್ಶು.
ನಾವು ಮೂವರು ಹೋದೆವು.
ಕ್ಯಾಮೆರಾಕ್ಕೆ ವಿಲ್ಸನ್ ರೆಬೆಲೊ, ಅಂದರೆ ಅವನ ಅಣ್ಣನ ಫೋನು.
ಎಡಿಟಿಂಗಿಗೆ ಸಾದಿಯಾ.
ಪ್ರಶ್ನೆ ಕೇಳಲು ನಾನು.
ಮೂರು ನಿಮಿಷದ ಸಾಕ್ಷ್ಯಚಿತ್ರ, ಐವತ್ತು ಅಂಕ.

"ಈ ಕಲೆ ನಶಿಸುತ್ತಿದೆ ಅನಿಸುತ್ತದೆಯೇ?" ಎಂದು ಕೇಳಿದೆ.
ಮನೆಯಲ್ಲೇ ಬರೆದುಕೊಂಡು ಹೋದ ಪ್ರಶ್ನೆ.
ಅವರು ಟರ್ಪೆಂಟೈನ್ ಬಾಟಲಿಯ ಮುಚ್ಚಳ ಹುಡುಕುತ್ತಿದ್ದರು.
"ಬಾಯ್, ಅದು ನಿನ್ನ ಕಾಲ ಕೆಳಗಿದೆ."
ಸಾದಿಯಾ ಅದನ್ನು ಕತ್ತರಿಸಿದಳು.
ನನಗಿನ್ನೂ ಅನಿಸುತ್ತದೆ, ಇಡೀ ಚಿತ್ರದಲ್ಲಿ
ಅದೊಂದೇ ಉತ್ತರವಿತ್ತು.

ಚಿತ್ರ ಮೂರು ದಿನದಲ್ಲಿ ಮುಗಿಯಿತು.
ಅನುಭವ ಮೂವತ್ತು ದಿನ ಆಗಬೇಕಿತ್ತು. ನಾನು ಉಳಿದೆ.
ಮೊದಲ ವಾರ ಬ್ರಶ್ ತೊಳೆದೆ.
ಎರಡನೇ ವಾರವೂ.
ಮಳೆ ಬಿಟ್ಟಾಗ ಅವರು ಬರೆಯುತ್ತಾರೆ, ಹಿಡಿದಾಗ ಬರೆದದ್ದನ್ನು ನೋಡುತ್ತಾರೆ.
ಹಾಗೆ ನೋಡುತ್ತ ಹೇಳಿದ್ದು:
ಕಾಗದ ಮಟ್ಟಸ. ಬೋಟಿನ ಮೂತಿ ಮಟ್ಟಸವಲ್ಲ,
ಕೆಳಗೆ ಹೋದಂತೆ ಹೊಟ್ಟೆ ಒಳಗೆಳೆದುಕೊಳ್ಳುತ್ತದೆ.
ಇಂಗ್ಲಿಷ್ ಅಕ್ಷರಕ್ಕೆ ಅಷ್ಟು ಪೇಚಿಲ್ಲ,
ಮರಾಠಿಯದ್ದು ಹೇಗೂ ಹಗ್ಗಕ್ಕೆ ಜೋತುಬಿದ್ದದ್ದು.
ಕನ್ನಡದ ಒತ್ತು ಮಾತ್ರ ಕೆಳಗಿಳಿದು
ಅಲ್ಲೇ ಕಾಲು ಮಡಚಿ ಕೂತುಬಿಡುತ್ತದೆ.
ಅದಕ್ಕೇ ಅದನ್ನು ಉದ್ದ ಎಳಿ, ನಾಚಿಕೆಯಾಗುವಷ್ಟು ಎಳಿ.
ದಡದಿಂದ ನೋಡಿದರೆ ಸೊಟ್ಟ.
ನೀರಿನ ಮೇಲೆ ಇದ್ದವನಿಗೆ ಸರಿ.
"ನಾವು ಬರೆಯೂದು ಯಾರಿಗೆ, ಹೇಳು?"

ಇಪ್ಪತ್ತಮೂರನೇ ದಿನ 'ಶ್ರೀ ದುರ್ಗಾಪ್ರಸನ್ನ'ದ
ಕೊನೆಯ ನಕಾರದ ಒತ್ತು ನನಗೆ ಕೊಟ್ಟರು.
ಒಂದೇ ಒಂದು ಒತ್ತು. ಬೆಳಿಗ್ಗೆ ಹತ್ತರಿಂದ ಊಟದ ತನಕ.
ಹಳದಿ ಒಣಗುವ ಮೊದಲೇ ನೊಣವೊಂದು ಕೂತು ಸಿಕ್ಕಿಬಿತ್ತು.
"ಇರಲಿ ಬಿಡು," ಅಂದರು, "ಸಹಿ ಆಯಿತು."

ಚಿತ್ರಕ್ಕೆ ಮೂವತ್ತೊಂದು ಬಂತು.
ಗಾಳಿಯ ಸದ್ದು ಹೆಚ್ಚಾಗಿದೆ ಎಂದು ಕೆಂಪು ಶಾಯಿಯಲ್ಲಿತ್ತು.
ಮೈಕಿಗೆ ವಿಲ್ಸನ್ನನ ಕಾಲುಚೀಲ ತೊಡಿಸಿದ್ದೆವು, ಸಾಲಲಿಲ್ಲ.
ಆಯಿ ಒಣಮೀನು ಮಾರಿ ಬಂದು, ಸೆರಗಿಗೆ ಕೈ ಒರೆಸಿಕೊಂಡು,
ಎರಡು ಸಲ ನೋಡಿದಳು.
"ಆ ಸ್ಟೂಲಿನ ಒಂದು ಕಾಲು ಕಲ್ಲಿನದಲ್ಲವಾ?
ದಿನವಿಡೀ ಹೇಗೆ ಕೂರುತ್ತಾರೆ, ಪಾಪ."
ಹದಿನಾಲ್ಕು ಸಲ ಶಾಟ್ ತೆಗೆದಿದ್ದೆವು.
ಮೂವರಿಗೂ ಕಂಡಿರಲಿಲ್ಲ.

ಕಾಲೇಜು ಪ್ರಮಾಣಪತ್ರ ಕೇಳಿತು,
ಲೆಟರ್‌ಹೆಡ್ಡಿನ ಮೇಲೆ, ಮೊಹರಿನೊಂದಿಗೆ.
ಅವರ ಹತ್ತಿರ ಎರಡೂ ಇಲ್ಲ.
ಒಂದಡಿ ಪ್ಲೈವುಡ್ಡಿಗೆ ಬಿಳಿ ಹೊಡೆದು ನೀಲಿಯಲ್ಲಿ ಬರೆದರು:
ಈ ಹುಡುಗಿ ಮೂವತ್ತು ದಿವಸ ಬಂದಿದ್ದಾಳೆ.
ಬ್ರಶ್ ಚೆನ್ನಾಗಿ ತೊಳೆಯುತ್ತಾಳೆ.
ಮೊಹರಿನ ಜಾಗದಲ್ಲಿ ಒಂದು ಬಂಗಡೆ, ಕಣ್ಣು ಸಮೇತ.
ಆಫೀಸಿನ ಗುಮಾಸ್ತರು ಅದನ್ನು ತಿರುಗಿಸಿ ನೋಡಿದರು,
ತೂತು ಹಾಕುವ ಯಂತ್ರ ನೋಡಿದರು,
ಆಮೇಲೆ ನನ್ನನ್ನು.

ಆಗಸ್ಟ್ ಮೊದಲ ವಾರ ಮಾವನ ಪಾತಿಯಲ್ಲಿ ಕೂತು
ಬಂದರಿನ ಬಾಯಿಯವರೆಗೆ ಹೋದೆ.
'ದುರ್ಗಾಪ್ರಸನ್ನ' ಎದುರಿಗೇ ಬಂತು.
ಒತ್ತು ನೆಟ್ಟಗಿತ್ತು.
ನೊಣ ಇತ್ತೋ ಇಲ್ಲವೋ, ಅಷ್ಟರಲ್ಲಿ ಅಲೆ ಎತ್ತಿತು.
ಇಡೀ ಹೆಸರಿನಲ್ಲಿ ನೀರು ಮೊದಲು ಮುಟ್ಟುವುದು ಅದನ್ನೇ,
ಮುಂದಿನ ಮಳೆಗಾಲದ ಹೊತ್ತಿಗೆ ಅದು ಇರುವುದಿಲ್ಲ,
ಯಾರೋ ಮತ್ತೆ ಎಳೆಯಬೇಕು.

ಏಳನೇ ಕಲಮಿನಲ್ಲಿ ಬರೆದೆ: ಬ್ರಶ್ ತೊಳೆಯುವುದು.
ಇನ್ನೂ ನೂರ ನಲವತ್ತೆಂಟು ಪದ ಉಳಿದಿವೆ.